ಚಿಕ್ಕಪ್ಪ ಚಿಕ್ಕಮ್ಮನ ಯುರೋಪ್ ಪ್ರವಾಸ: ತಮ್ಮನ ಪಟ್ಟಿಗೆ ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ತಮ್ಮ, ನೀನು ನಿನ್ನೆ ರಾತ್ರಿ ಗುಂಪಿನಲ್ಲಿ ಹಾಕಿದ ಪ್ರವಾಸದ ಪಟ್ಟಿಯನ್ನು ಪೂರ್ತಿ ಓದಿದೆ. ಮಾತು ಉದ್ದವಾಗುತ್ತದೆ. ಚಿಕ್ಕಪ್ಪ, ಚಿಕ್ಕಮ್ಮ, ನೀವು ಮೈಸೂರಿನಲ್ಲಿ ಬೆಳಗಿನ ಕಾಫಿ ಆದಮೇಲೆ ನಿಧಾನವಾಗಿ ಕೇಳಿಸಿಕೊಳ್ಳಿ.

ಪಟ್ಟಿಯಲ್ಲಿ ಇರುವುದು ಇದು: ನೆದರ್‌ಲೆಂಡ್ಸ್‌ನಲ್ಲಿರುವ ನಿಮ್ಮ ಐಂಡ್‌ಹೋವನ್‌ನಿಂದ ಹೊರಟು ಪ್ಯಾರಿಸ್, ಸ್ಟ್ರಾಸ್‌ಬರ್ಗ್, ಜ್ಯೂರಿಕ್, ಮಿಲಾನ್, ವೆನಿಸ್, ಇನ್ಸ್‌ಬ್ರುಕ್, ಮ್ಯೂನಿಕ್, ಮತ್ತೆ ಐಂಡ್‌ಹೋವನ್. ಹನ್ನೊಂದು ದಿನ, ಏಳು ದೇಶ, ಮೂರು ಸಾವಿರ ಕಿಲೋಮೀಟರಿನ ಹತ್ತಿರ ದಾರಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಟಲಿ, ಆಸ್ಟ್ರಿಯಾ ಎರಡನ್ನೂ ಈ ಸಲ ಕೈಬಿಡು. ಪ್ಯಾರಿಸ್ಸನ್ನು ಕಾರಿನ ದಾರಿಯಿಂದ ತೆಗೆದು ರೈಲಿಗೆ ಹಾಕು. ಉಳಿದ ದಾರಿಯನ್ನು ನಿಧಾನವಾಗಿ ಸಾಗುವಂತೆ ಬದಲಿಸು.

ಚಿಕ್ಕಪ್ಪನ ಮಂಡಿ ನಿನಗೆ ಗೊತ್ತು, ಸಕ್ಕರೆ ಕಾಯಿಲೆಯೂ ಗೊತ್ತು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ಬೇರೆ. ನಕ್ಷೆಯಲ್ಲಿ ನಾಲ್ಕು ಗಂಟೆ ಎಂದು ತೋರಿಸಿದರೆ ನಿಮಗೆ ಅದು ಆರು ಗಂಟೆ. ಎರಡು ಗಂಟೆಗೊಮ್ಮೆ ಎಲ್ಲರೂ ಇಳಿಯಬೇಕು, ಕಾಲು ನೀಡಬೇಕು, ಚಿಕ್ಕಪ್ಪ ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಬೇಕು. ವೆನಿಸ್‌ನಲ್ಲಿ ಕಾರು ಊರಿನ ಬಾಗಿಲಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ನಡಿಗೆ ಮತ್ತು ದೋಣಿ, ಹೆಜ್ಜೆ ಹೆಜ್ಜೆಗೂ ಮೆಟ್ಟಿಲು ಹತ್ತಿ ಇಳಿಯುವ ಸೇತುವೆ. ಜ್ಯೂರಿಕ್‌ನಿಂದ ಮಿಲಾನ್‌ಗೆ ಹೋಗುವಾಗ 16.9 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗ ಸಿಗುತ್ತದೆ. ಜುಲೈ ತಿಂಗಳ ವಾರಾಂತ್ಯದಲ್ಲಿ ಅದರ ಬಾಯಲ್ಲಿ ನಿಲ್ಲುವ ವಾಹನಗಳ ಸಾಲನ್ನು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿರುವ ನಾವು ಪ್ರತಿ ಬೇಸಿಗೆಯಲ್ಲೂ ರೇಡಿಯೋದಲ್ಲಿ ಕೇಳುತ್ತೇವೆ. ಆ ಸಾಲಿನಲ್ಲಿ ಚಿಕ್ಕಮ್ಮನನ್ನು ಕೂರಿಸಲು ನನಗೆ ಮನಸ್ಸಿಲ್ಲ.

ಹಾಗಾದರೆ ಎಲ್ಲಿಗೆ ಹೋಗುವುದು? ಮೊದಲ ದಿನ ಮಾಸ್ಟ್ರಿಕ್ಟ್, ಲಿಯೇಜ್ ಮೇಲೆ ಲಕ್ಸೆಂಬರ್ಗ್, ಸುಮಾರು 280 ಕಿಲೋಮೀಟರ್. ಅಲ್ಲಿ ಕಾರನ್ನು ಊರ ಹೊರಗೆ ನಿಲ್ಲಿಸಿಬಿಡಿ. 2020ರ ಮಾರ್ಚ್‌ನಿಂದ ಆ ಇಡೀ ದೇಶದಲ್ಲಿ ಬಸ್ಸು, ಟ್ರಾಮು, ರೈಲಿನ ಎರಡನೆಯ ದರ್ಜೆ ಎಲ್ಲವೂ ಉಚಿತ. ಹೊರಗಿನವರಿಗೂ ಉಚಿತ. ಪೆಟ್ರೋಲ್ ಕೂಡ ನಿಮ್ಮಲ್ಲಿಗಿಂತ ಅಗ್ಗ, ಟ್ಯಾಂಕು ಅಲ್ಲೇ ತುಂಬಿಸು.

ಮರುದಿನ ಹೆದ್ದಾರಿ ಹಿಡಿಯುವ ಮುನ್ನ ಸ್ವಲ್ಪ ಸುತ್ತು ಹಾಕಿ ಶೆಂಗೆನ್ ಎಂಬ ಹಳ್ಳಿಗೆ ಹೋಗಿ. ಚಿಕ್ಕಪ್ಪ, ನಿಮ್ಮ ವೀಸಾದ ಮೇಲೆ ಅಚ್ಚಾಗುವ ಹೆಸರು ಇದೇ ಹಳ್ಳಿಯದು. 1985ರ ಜೂನ್ 14ರಂದು ಅಲ್ಲಿನ ಮೊಸೆಲ್ ನದಿಯಲ್ಲಿ ಒಂದು ಹಡಗಿನ ಮೇಲೆ ಕುಳಿತು ಐದು ದೇಶಗಳವರು ತಮ್ಮ ನಡುವಿನ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದರು. ಎದುರು ದಡ ಜರ್ಮನಿ, ಒಂದಿಷ್ಟು ದೂರದಲ್ಲಿ ಫ್ರಾನ್ಸ್, ಸುತ್ತ ದ್ರಾಕ್ಷಿ ತೋಟ. ವೀಸಾ ಕಚೇರಿಯ ಕುರ್ಚಿಯಲ್ಲಿ ಕಾಗದದ ಕಟ್ಟು ಹಿಡಿದು ಕಾದವರು ಆ ಹಳ್ಳಿಯನ್ನು ಕಣ್ಣಾರೆ ನೋಡಬೇಕು ಎಂಬುದು ನನ್ನ ಆಸೆ. ನದಿಯ ದಂಡೆಯಲ್ಲಿ ಮೆಟ್ಟಿಲಿಲ್ಲದ ಸಮತಟ್ಟಾದ ದಾರಿ, ಮಂಡಿಗೂ ತೊಂದರೆಯಿಲ್ಲ.

ಅಲ್ಲಿಂದ ಸ್ಟ್ರಾಸ್‌ಬರ್ಗ್. ಅಲ್ಲಿನ ಚರ್ಚಿನ ಗೋಪುರ 142 ಮೀಟರ್, ಎರಡು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡವಾಗಿತ್ತು. ಅದನ್ನು ನೋಡಿಕೊಂಡು ರಾತ್ರಿ ಕೊಲ್ಮಾರ್‌ನಲ್ಲಿ ತಂಗಿ. ಆಮೇಲೆ ಒಂದು ಗಂಟೆಯೊಳಗೆ ಬಾಸೆಲ್, ನಮ್ಮ ಮನೆ. ಎರಡು ದಿನ ಎಲ್ಲರಿಗೂ ವಿಶ್ರಾಂತಿ, ಬಟ್ಟೆ ಒಗೆದುಕೊಳ್ಳಬಹುದು, ನನ್ನ ಕೈಯ ಸಾರು ಅನ್ನ ಊಟ ಮಾಡಬಹುದು.

ಮುಂದೆ ಸ್ವಿಟ್ಜರ್‌ಲೆಂಡಿನದೇ ಲೌಟರ್‌ಬ್ರುನೆನ್ ಕಣಿವೆ, ಮೂರು ರಾತ್ರಿ ಒಂದೇ ಮನೆ. ಮನೆಯ ಕಿಟಕಿಯಿಂದಲೇ ಸ್ಟೌಬಾಕ್ ಜಲಪಾತ ಕಾಣುವಂತೆ ನೋಡಿಕೊಂಡು ಕಾದಿರಿಸು. 297 ಮೀಟರ್ ಎತ್ತರದಿಂದ ಬೀಳುವ ನೀರು ನೆಲ ಮುಟ್ಟುವಷ್ಟರಲ್ಲಿ ಅರ್ಧ ಗಾಳಿಯಲ್ಲೇ ಹೊಗೆಯಾಗುತ್ತದೆ. ನಮ್ಮ ಜೋಗ 253 ಮೀಟರ್, ಆದರೆ ಮಳೆಗಾಲದ ಜೋಗದ ಆರ್ಭಟ ಇದಕ್ಕಿಲ್ಲ. ಇದರ ಚೆಲುವು ಬೇರೆಯದು. ಹಿಮದ ಬೆಟ್ಟದ ಮೇಲಿನ ರೈಲು ನಿಲ್ದಾಣ ಯುಂಗ್‌ಫ್ರೌಯೋಕ್‌ಗೆ ಹೋಗಲೇಬೇಕು ಎಂದು ನೀನು ಬರೆದಿದ್ದೀಯೆ. ಅದು 3454 ಮೀಟರ್ ಎತ್ತರದಲ್ಲಿದೆ, ಟಿಕೆಟ್ಟೂ ಬಹಳ ದುಬಾರಿ. ಚಿಕ್ಕಪ್ಪನಿಗೆ ರಕ್ತದೊತ್ತಡದ ಮಾತ್ರೆ ಇದೆ. ವೈದ್ಯರು ಒಪ್ಪಿದರೆ ಮಾತ್ರ ಹೋಗಿ. ಇಲ್ಲದಿದ್ದರೆ ಲೌಟರ್‌ಬ್ರುನೆನ್‌ನಿಂದ ಕೇಬಲ್ ಕಾರು ಹಿಡಿದು, ಮೇಲೆ ಪುಟ್ಟ ರೈಲು ಹತ್ತಿ ಮ್ಯೂರೆನ್‌ಗೆ ಹೋಗಿ. ಕಾರುಗಳೇ ಇಲ್ಲದ ಊರು, 1600 ಮೀಟರಿಗಿಂತ ಸ್ವಲ್ಪ ಮೇಲೆ. ಐಗರ್, ಮೋಂಕ್, ಯುಂಗ್‌ಫ್ರೌ ಮೂರೂ ಶಿಖರಗಳು ಬೆಂಚಿನ ಮೇಲೆ ಕುಳಿತಲ್ಲೇ ಕಾಣುತ್ತವೆ. ನಮ್ಮ ಅತ್ತೆ ಮಾವ ಬಂದಾಗ ಅಲ್ಲಿಗೇ ಕರೆದುಕೊಂಡು ಹೋಗಿದ್ದೆವು. ಮಧ್ಯಾಹ್ನವೆಲ್ಲ ಅಲ್ಲಿಂದ ಏಳಲು ಅವರಿಗೆ ಮನಸ್ಸೇ ಬರಲಿಲ್ಲ.

ಅಲ್ಲಿಂದ ಜಿನೀವಾ ದಾಟಿ ಫ್ರಾನ್ಸಿನ ಆನ್ಸಿ, ಕೆರೆಯ ದಂಡೆಯಲ್ಲಿ ಎರಡು ರಾತ್ರಿ. ಕೊನೆಗೆ ಫ್ರಾನ್ಸಿನದೇ ಬೋನ್ ಎಂಬ ಊರು. ಬೋನ್ ನಿನ್ನ ಪಟ್ಟಿಯಲ್ಲಿ ಇರಲೇ ಇಲ್ಲ, ಇದನ್ನು ನಾನು ಸೇರಿಸುತ್ತಿರುವುದು ಚಿಕ್ಕಮ್ಮನಿಗಾಗಿ. 1443ರಲ್ಲಿ ಬಡವರಿಗಾಗಿ ಕಟ್ಟಿದ ಆಸ್ಪತ್ರೆ ಅಲ್ಲಿದೆ, ಇಪ್ಪತ್ತನೆಯ ಶತಮಾನದವರೆಗೂ ಅಲ್ಲಿ ರೋಗಿಗಳಿದ್ದರು. ಬಣ್ಣದ ಹೆಂಚಿನ ಮಾಡು, ಒಳಗೆ ಒಂದು ಉದ್ದನೆಯ ಹಜಾರ, ಎರಡೂ ಗೋಡೆಗೆ ಸಾಲಾಗಿ ಮರದ ಮಂಚ, ಪ್ರತಿ ಮಂಚಕ್ಕೂ ಕೆಂಪು ಪರದೆ. ಹಜಾರದ ತುದಿಯಲ್ಲಿ ಪೂಜಾಸ್ಥಳ, ರೋಗಿಗಳು ಹಾಸಿಗೆಯಿಂದಲೇ ಪ್ರಾರ್ಥನೆಯಲ್ಲಿ ಸೇರಲಿ ಎಂದು. ಜೀವನವೆಲ್ಲ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದ ಚಿಕ್ಕಮ್ಮನಿಗೆ ಐಫೆಲ್ ಗೋಪುರಕ್ಕಿಂತ ಇದು ಹೆಚ್ಚು ಹಿಡಿಸುತ್ತದೆ ಎಂದು ನನ್ನ ನಂಬಿಕೆ. ಬೋನ್‌ನಿಂದ ಐಂಡ್‌ಹೋವನ್ 600 ಕಿಲೋಮೀಟರಿಗೂ ಮೇಲೆ, ಒಂದೇ ದಿನಕ್ಕೆ ಬೇಡ, ಮೆಟ್ಸ್‌ನಲ್ಲಿ ಒಂದು ರಾತ್ರಿ ಇಳಿದುಕೊಳ್ಳಿ. ಹನ್ನೊಂದು ದಿನಕ್ಕೆ ಎರಡು ದಿನ ಹೆಚ್ಚಾಗುತ್ತದೆ, ರಜೆ ಹಾಕು.

ಪ್ಯಾರಿಸ್‌ಗೆ ಬೇರೆ ವಾರ ರೈಲಿನಲ್ಲಿ ಹೋಗಿ. ಬ್ರಸೆಲ್ಸ್‌ನಿಂದ ಒಂದೂವರೆ ಗಂಟೆಯೂ ಬೇಡ.

ಈಗ ಗಾಡಿ. ಆರು ಜನರಿಗೆ ಏಳು ಸೀಟಿನ ಕಾರು ಸಾಕು ಎಂದಿದ್ದೀಯೆ. ಮೂರನೆಯ ಸಾಲು ಬಿಚ್ಚಿದರೆ ಹಿಂದೆ ಎರಡು ಚೀಲ ಇಡಲೂ ಜಾಗ ಇರುವುದಿಲ್ಲ. ಮಾಡಿನ ಮೇಲೆ ಪೆಟ್ಟಿಗೆ ಕಟ್ಟಿಸಿದರೆ 1.90 ಮೀಟರ್ ಎತ್ತರದ ನೆಲಮಾಳಿಗೆ ಪಾರ್ಕಿಂಗ್‌ಗಳಿಗೆ ನುಗ್ಗುವುದಿಲ್ಲ. ಒಂಬತ್ತು ಸೀಟಿನ ವ್ಯಾನು ಬಾಡಿಗೆಗೆ ತೆಗೆದುಕೊ, ಸಾಧಾರಣ ಕಾರಿನ ಲೈಸೆನ್ಸಿನಲ್ಲೇ ಅದನ್ನು ಓಡಿಸಬಹುದು. ಅದು ಎತ್ತರದ ಗಾಡಿ, ಹಾಗಾಗಿ ಬಯಲು ಪಾರ್ಕಿಂಗ್ ಇರುವ ಮನೆಗಳನ್ನೇ ಹುಡುಕು. ಸ್ವಿಟ್ಜರ್‌ಲೆಂಡಿಗೆ ಒಯ್ಯಲು ಒಪ್ಪಿಗೆ ಇದೆ ಎಂದು ಬಾಡಿಗೆ ಕರಾರಿನಲ್ಲಿ ಬರೆಸು. ನಿನ್ನ ಹೆಂಡತಿಯ ಹೆಸರನ್ನು ಎರಡನೆಯ ಚಾಲಕಿ ಎಂದು ಸೇರಿಸು, ಹೆಸರಿಲ್ಲದವರು ಓಡಿಸಿದರೆ ವಿಮೆ ಇಲ್ಲ. ಚಿಕ್ಕಪ್ಪ, ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ ತಾವೂ ಓಡಿಸುವುದಾಗಿ ಹೇಳಿದಿರಿ. ಪರವಾನಗಿ ಸಿಗುತ್ತದೆ, ಆದರೆ ಇಲ್ಲಿ ಬಲಬದಿಯ ಸಂಚಾರ, ವೃತ್ತಗಳೂ ತಿರುವುಮುರುವು. ದಯವಿಟ್ಟು ಮುಂದಿನ ಸೀಟಿನಲ್ಲಿ ಕುಳಿತು ದಾರಿ ನೋಡುತ್ತಾ ಬನ್ನಿ.

ಸ್ವಿಸ್ ಹೆದ್ದಾರಿಗೆ ವಿನ್ಯೆಟ್, ಅಂದರೆ ಹೆದ್ದಾರಿ ಶುಲ್ಕದ ಚೀಟಿ ಬೇಕು, 40 ಫ್ರಾಂಕ್, ಒಂದು ದಿನಕ್ಕೂ ಅಷ್ಟೇ, ವರ್ಷಕ್ಕೂ ಅಷ್ಟೇ. ಗಾಡಿಯ ಸಂಖ್ಯೆ ಕೈಗೆ ಸಿಕ್ಕ ಮೇಲೆ ಸರ್ಕಾರದ ಜಾಲತಾಣದಲ್ಲೇ ಕೊಳ್ಳು. ಹೆಚ್ಚು ಹಣ ಕೀಳುವ ದಲ್ಲಾಳಿ ತಾಣಗಳಿವೆ. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ. ಫ್ರಾನ್ಸಿನ ಟೋಲ್‌ನಲ್ಲಿ ತಲೆಯ ಮೇಲೆ ಹಸಿರು ಬಾಣ ಇರುವ ಸಾಲಿಗೆ ಹೋಗು. ಕಿತ್ತಳೆ ಬಣ್ಣದ ‘ಟಿ’ ಅಕ್ಷರ ಮಾತ್ರ ಇರುವ ಸಾಲು ಟೋಲ್ ತಾನಾಗಿ ಕಟ್ಟುವ ಯಂತ್ರ ಅಂಟಿಸಿಕೊಂಡ ಗಾಡಿಗಳಿಗೆ. ಒಳಗೆ ಹೋಗುವಾಗ ಸಿಗುವ ಚೀಟಿಯನ್ನು ಚಿಕ್ಕಪ್ಪನ ಕೈಗೆ ಕೊಡು, ಹೊರಬರುವಾಗ ಅದೇ ಬೇಕು. ಅಲ್ಲಿ ಹೆದ್ದಾರಿಯ ವೇಗ 130, ಮಳೆ ಬಂದರೆ 110. ಪ್ರತಿಫಲಿಸುವ ಹಳದಿ ಅಂಗಿಗಳು ಡಿಕ್ಕಿಯಲ್ಲಿ ಅಲ್ಲ, ಕೈಗೆ ಸಿಗುವಂತೆ ಸೀಟಿನ ಬಳಿ ಇರಬೇಕು. ಸ್ವಿಟ್ಜರ್‌ಲೆಂಡಿನಲ್ಲಿ ಹನ್ನೆರಡು ವರ್ಷ ಅಥವಾ 150 ಸೆಂಟಿಮೀಟರ್ ತುಂಬುವವರೆಗೆ ಮಕ್ಕಳ ಸೀಟು ಕಡ್ಡಾಯ, ದೊಡ್ಡವನಿಗೂ ಮರೆಯಬೇಡ.

ಶನಿವಾರ ಮಾತ್ರ ದೂರ ಓಡಿಸಬೇಡಿ. ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ ಇಡೀ ಫ್ರಾನ್ಸ್ ರಸ್ತೆಯ ಮೇಲಿರುತ್ತದೆ. ‘ಬಿಸೋಂ ಫ್ಯೂತೆ’ ಎಂಬ ಸರ್ಕಾರಿ ಮುನ್ಸೂಚನೆ ಪ್ರತಿ ದಿನಕ್ಕೂ ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣ ಹಚ್ಚುತ್ತದೆ, ಕಪ್ಪು ದಿನ ಮನೆಯಲ್ಲೇ ಇರಿ. ರಜೆಯ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೇ ಕೊಡುವವರು ಬಹಳ ಮಂದಿ, ಆದ್ದರಿಂದ ಈಗಲೇ ಮಾಲೀಕರಿಗೆ ಬರೆದು ಕೇಳು.

ಅಡುಗೆಮನೆ ಇರುವ ಮನೆಯೇ ಬೇಕು. ಫ್ರಾನ್ಸಿನ ಸಣ್ಣ ಊರಿನ ಹೋಟೆಲುಗಳಲ್ಲಿ ಮಧ್ಯಾಹ್ನ ಎರಡರ ನಂತರ ಒಲೆ ಆರಿಸಿಬಿಡುತ್ತಾರೆ, ಮತ್ತೆ ಹಚ್ಚುವುದು ಸಂಜೆ ಏಳಕ್ಕೆ. ಚಿಕ್ಕಪ್ಪ ಅಷ್ಟು ಹೊತ್ತು ಕಾಯಬಾರದು. ಬೆಳಗ್ಗೆಯೇ ಮೊಸರನ್ನ, ಚಪಾತಿ ಕಟ್ಟಿಕೊಂಡು ಹೊರಡಿ. ಫ್ರಾನ್ಸಿನ ಹೆದ್ದಾರಿ ಬದಿಯ ತಂಗುದಾಣಗಳಲ್ಲಿ ಮರದ ನೆರಳು, ಮೇಜು, ಉಚಿತ ಶೌಚಾಲಯ ಎಲ್ಲ ಇವೆ. ಚಿಕ್ಕಮ್ಮ, ಚಟ್ನಿಪುಡಿ, ಹುಳಿಪುಡಿ, ಗೊಜ್ಜವಲಕ್ಕಿ, ಪುಳಿಯೋಗರೆ ಗೊಜ್ಜು ಧಾರಾಳವಾಗಿ ತನ್ನಿ. ತುಪ್ಪ, ಮೈಸೂರು ಪಾಕ್, ಪೇಡ ಬೇಡ. ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ತರಲು ಇಲ್ಲಿ ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ ಹಾಕುತ್ತಾರೆ. ಹಸಿ ಕರಿಬೇವೂ ಬೇಡ. ತೆಂಗಿನಕಾಯಿಗೆ ಅಡ್ಡಿಯಿಲ್ಲ.

ವೀಸಾ ಅರ್ಜಿ ನೆದರ್‌ಲೆಂಡ್ಸ್‌ಗೇ ಹಾಕಿ, ಹೆಚ್ಚು ದಿನ ಇರುವುದು ಅಲ್ಲೇ ತಾನೇ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಹಾಕಬಹುದು. ಸ್ವಿಟ್ಜರ್‌ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲದಿದ್ದರೂ ಶೆಂಗೆನ್ ಒಪ್ಪಂದದಲ್ಲಿದೆ, ಬೇರೆ ವೀಸಾ ಬೇಡ. ದೊಡ್ಡಪ್ಪ ಲಂಡನ್ ಬಗ್ಗೆ ಕೇಳಿದ್ದರು. ಅದಕ್ಕೆ ಪ್ರತ್ಯೇಕ ವೀಸಾ ಬೇಕು, ಹೋಗಿ ಮರಳಲು ಇಲ್ಲಿನ ವೀಸಾವೂ ಹಲವು ಪ್ರವೇಶದ್ದಾಗಿರಬೇಕು. ಈ ಸಲ ಬೇಡ ಎನ್ನಿಸುತ್ತದೆ ದೊಡ್ಡಪ್ಪ. ವಿಮೆ ಕನಿಷ್ಠ 30,000 ಯೂರೋದ್ದು ಕಡ್ಡಾಯ, ಆದರೆ ಮೊದಲೇ ಇರುವ ಕಾಯಿಲೆಗೆ ಏನು ಕೊಡುತ್ತಾರೆ ಎಂಬ ಸಾಲನ್ನು ತಮ್ಮ ನೀನೇ ಓದು. ಅಗ್ಗದ್ದನ್ನು ಹುಡುಕಬೇಡ. ಪಾಸ್‌ಪೋರ್ಟುಗಳು ಸದಾ ಗಾಡಿಯಲ್ಲಿರಲಿ, ಜರ್ಮನಿಯ ಗಡಿಯಲ್ಲಿ ಈಚೆಗೆ ನಿಲ್ಲಿಸಿ ನೋಡುತ್ತಿದ್ದಾರೆ.

ಚಿಕ್ಕಪ್ಪ, ಎರಡು ಕೆಲಸ ನಿಮ್ಮದು. ವೈದ್ಯರ ಹತ್ತಿರ ಮಾತ್ರೆಗಳ ಮೂಲ ಔಷಧದ ಹೆಸರಿನಲ್ಲಿ ಚೀಟಿ ಬರೆಸಿಕೊಳ್ಳಿ, ಮತ್ತು ಎತ್ತರದ ಜಾಗಕ್ಕೆ ಹೋಗಬಹುದೇ ಎಂದು ನೇರವಾಗಿ ಕೇಳಿ. ತಮ್ಮ, ನೀನು ಲೌಟರ್‌ಬ್ರುನೆನ್ ಮನೆಯನ್ನು ಈ ವಾರವೇ ನೋಡು, ಬೇಸಿಗೆಗೆ ಅಲ್ಲಿ ಮನೆ ಸಿಗುವುದೇ ಕಷ್ಟ. ದಿನಾಂಕ ತಿಳಿಸಿದರೆ ನಾನೂ ಇಲ್ಲಿಂದ ಫೋನ್ ಮಾಡಿ ವಿಚಾರಿಸುತ್ತೇನೆ.