ಸಹಾಯ ಬೇಕು: ಅಪ್ಪನ್ನ ಅಟ್ಲಾಂಟಾದ ಹರ್ನ್‌ಡನ್ ಹೋಮ್‌ಗೆ ಕರ್ಕೊಂಡು ಹೋಗ್ಬೇಕು

ಎಲ್ರಿಗೂ ನಮಸ್ಕಾರ, ಅಪ್ಪ ಅಮ್ಮ ದಾವಣಗೆರೆಯಿಂದ ಬಂದಿದಾರೆ, ಅಕ್ವೇರಿಯಂ, ಕೋಕಾ ಕೋಲಾ ಎಲ್ಲಾ ಆಯ್ತು, ಈಗ ಹರ್ನ್‌ಡನ್ ಹೋಮ್ ಮ್ಯೂಸಿಯಂ ತೋರಿಸ್ಬೇಕು ಅಂತ ನಂಗೇ ಹಠ. ಯಾಕಂದ್ರೆ ಅಪ್ಪ ಮೂವತ್ತು ವರ್ಷ ಕಟಿಂಗ್ ಶಾಪ್ ನಡೆಸಿದೋರು, ಆ ಮನೆ ಕಟ್ಟಿಸಿದ ಅಲೋಂಜೋ ಹರ್ನ್‌ಡನ್ನೂ ಅದೇ ಕಸುಬಿನವರು. 1858ರಲ್ಲಿ ಗುಲಾಮರಾಗಿ ಹುಟ್ಟಿ, ಪೀಚ್‌ಟ್ರೀ ಸ್ಟ್ರೀಟಲ್ಲಿ ಅಮೃತಶಿಲೆ, ಗಾಜಿನ ಶಾಂಡ್ಲಿಯರ್ ಇರೋ ಸಲೂನ್ ಮಾಡಿ, ಆಮೇಲೆ 1905ರಲ್ಲಿ ಅಟ್ಲಾಂಟಾ ಲೈಫ್ ಇನ್ಶೂರೆನ್ಸ್ ಶುರು ಮಾಡಿದ್ರಂತೆ. 1910ರಲ್ಲಿ ಮುಗಿದ ಆ ಮನೆ ಡಿಸೈನ್ ಹೆಂಡ್ತಿ ಏಡ್ರಿಯನ್ದು, ಪಾಪ ಮನೆ ಆದ್ಮೇಲೆ ಜಾಸ್ತಿ ದಿನ ಬದುಕ್ಲಿಲ್ಲ. ಫೋನಲ್ಲಿ ಫೋಟೋ ತೋರಿಸಿದ್ರೆ ಅಪ್ಪ ಆ ದೊಡ್ಡ ಕಂಬಗಳನ್ನ ನೋಡ್ಲೇ ಇಲ್ಲ, ಕನ್ನಡಕ ಮೇಲೆತ್ತಿ "ಅಂಗಡೀಲಿ ಎಷ್ಟು ಕುರ್ಚಿ ಇದ್ವಂತೆ?" ಅಂದ್ರು!

ಇತ್ತೀಚೆಗೆ ಹೋಗಿದೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್, ಮೊದ್ಲೇ ಫೋನ್ ಮಾಡಿ ಟೈಮ್ ತಗೋಬೇಕಾ, ಒಳಗೆ ಮೆಟ್ಟಿಲು ಎಷ್ಟಿದೆ (ಅಮ್ಮಂಗೆ ಮಂಡಿನೋವು, ಮಹಡಿ ಹತ್ತೋದು ಕಷ್ಟ), ಲಿವಿಂಗ್ ರೂಮ್ ಗೋಡೆ ಮೇಲೆ ಹರ್ನ್‌ಡನ್ ಅವ್ರ ಜೀವನದ ಚಿತ್ರ ಬರೆಸಿದಾರಲ್ಲ ಅದರ ಫೋಟೋ ತೆಗೀಬಹುದಾ? ವೈನ್ ಸಿಟಿ ಮಾರ್ಟಾ (ಇಲ್ಲಿನ ಮೆಟ್ರೋ ರೈಲು) ಸ್ಟೇಷನ್ನಿಂದ ವಯಸ್ಸಾದೋರನ್ನ ನಡೆಸ್ಕೊಂಡು ಹೋಗ್ಬಹುದಾ ಅಥ್ವಾ ಕಾರೇ ವಾಸಿನಾ? ಈ ಶನಿವಾರಕ್ಕೆ ನೋಡ್ತಿದೀನಿ, ಜೊತೆಗೆ ಬರೋರಿದ್ರೆ ಕಾರಲ್ಲಿ ಎರಡು ಸೀಟಿದೆ.