ಯಾತ್ರೆ ಬಿಲ್ಲೆ ಎರಕ: ಲೋಹ ಅರ್ಧಕ್ಕೇ ನಿಲ್ಲುತ್ತದೆ, ಸೂಜಿ ಮುರಿಯುತ್ತದೆ

ಸಪ್ತಾಪುರ ವಾಚಕ

ಎಲ್ಲರಿಗೂ ನಮಸ್ಕಾರ. ಧಾರವಾಡದ ಕಾಲೇಜೊಂದರ ಇತಿಹಾಸ ಪ್ರದರ್ಶನಕ್ಕೆ ಯಾತ್ರೆ ಬಿಲ್ಲೆಗಳ 60 ಪ್ರತಿಕೃತಿ ಬೇಕು. ಮಧ್ಯಯುಗದ ಯುರೋಪಿನ ಕ್ರೈಸ್ತ ಯಾತ್ರಿಕರು ಟೋಪಿಗೋ ಮೇಲಂಗಿಗೋ ಸಿಕ್ಕಿಸಿಕೊಂಡು ಊರಿಗೆ ಮರಳುತ್ತಿದ್ದರಲ್ಲ, ಅವು. ಮಾದರಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಸಂತ ಥಾಮಸ್ ಬೆಕೆಟ್‌ನ ತಲೆ, 4 ಸೆಂ.ಮೀ. ಅಗಲ, ಬೆನ್ನಿಗೆ ಸೂಜಿ. ಅಚ್ಚು ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು. ಲೋಹ, ಗದಗದ ಹಳೇ ಪ್ರೆಸ್ಸಿನ ಅಚ್ಚುಮೊಳೆ ಕರಗಿಸಿದ್ದು.

ಲೋಹ ಗಲ್ಲದವರೆಗೆ ಹೋಗಿ ನಿಲ್ಲುತ್ತದೆ. ಐದಾರು ಎರಕಕ್ಕೇ ಅಚ್ಚಿನ ಗೆರೆ ಸವೆಯುತ್ತದೆ. ಸೂಜಿ ಬಗ್ಗಿಸಿದರೆ ಟಕ್ಕನೆ ಮುರಿಯುತ್ತದೆ. ಮೊಳೆ ಬಿಟ್ಟು ಮೀನಿನ ಬಲೆಯ ಸೀಸದ ಗುಂಡು ಹಾಕಿದರೆ ಸರಿಹೋಗುತ್ತದಾ? ಮೂಲದಲ್ಲೂ ಸೀಸ ಇತ್ತಲ್ಲ?

ಎರಕದ ಮನಿ

ಸರ, ಸೀಸ ಬ್ಯಾಡೇ ಬ್ಯಾಡ. ಮೊಳಿಯೊಳಗೂ ಹೆಚ್ಚಿಂದು ಸೀಸನ ಐತಿ, ಅದನ್ನೂ ಬಿಡ್ರಿ. ಮೊಳಿ ಗಟ್ಟಿ ಆಗ್ಲಿ ಅಂತ ಆಂಟಿಮನಿ ಕೂಡಿಸಿರ್ತಾರ. ಅದಕ್ಕ ನಿಮ್ಮ ಸೂಜಿ ಬಗ್ಗೂದಿಲ್ಲ, ಮುರೀತೈತಿ.

ಮೂಲದಾಗ ಸೀಸ-ತವರ ಕೂಡಿಸಿದ ಲೋಹ ಇತ್ತು, ಖರೆ. ಸೀಸ ಅಗ್ಗ, ತವರ ತುಟ್ಟಿ, ಎರಡೂ ಕೂಡಿದ್ರ ಜಲ್ದಿ ಕರಗತೈತಿ. ಬರೇ ತವರ 232 ಡಿಗ್ರಿ, ಬರೇ ಸೀಸ 327, ನೂರಕ್ಕ 62ರಷ್ಟು ತವರ ಇದ್ದ ಮಿಶ್ರಣ 183ಕ್ಕನ ನೀರಾಗತೈತಿ. ಆದ್ರ ಪ್ರದರ್ಶನದಾಗ ಹುಡುಗ್ರು ಕೈಯಾಗ ಹಿಡೀತಾರ, ಅದ ಕೈಲೆ ತಿಂತಾರ. ಬರೇ ತವರನ ತಗೊಳ್ರಿ.

ಹುಬ್ಬಳ್ಳಿ ಕಂಚಗಾರ ಗಲ್ಲಿ ಕಡೆ, ಇಲ್ಲಾ ಕಲಾಯಿ ಹಾಕವರ ಹತ್ರ ತವರದ ಕಡ್ಡಿ ವಿಚಾರಿಸ್ರಿ. ಕಡ್ಡಿ ಕಿವಿ ಹತ್ರ ಹಿಡಿದು ಬಗ್ಗಿಸ್ರಿ. ಚರಚರ ಸಪ್ಪಳ ಬಂತಂದ್ರ ತವರ. ಸೀಸ ಜಾಸ್ತಿ ಇದ್ರ ಸುಮ್ಮನ ಬಗ್ಗತೈತಿ, ಬಿಳೇ ಕಾಗದಕ್ಕ ತಿಕ್ಕಿದ್ರ ಪೆನ್ಸಿಲ್ಲಿನಂಗ ಬೂದಗೆರಿ ಬೀಳತೈತಿ. ಬೆಸುಗೆ ತಂತಿ ತರಬ್ಯಾಡ್ರಿ, ಅದರ ಹೊಟ್ಟ್ಯಾಗ ರಾಳ ಇರತೈತಿ, ಎರಕದಾಗ ಗುಳ್ಳಿ ಬರತಾವ.

ನಡುನಡುವ ತೂತು ಬಿಟ್ಟ 4 ಸೆಂ.ಮೀ. ಬಿಲ್ಲೆ, ದಪ್ಪ 1 ಮಿ.ಮೀ. ಇದ್ರ ಸುಮಾರು 5 ಗ್ರಾಂ ಆಗತೈತಿ. 60ಕ್ಕ 300 ಗ್ರಾಂ. ಅಚ್ಚಿನ ಬಾಯಾಗ ಉಳಿಯೂದು, ಕೆಟ್ಟ ಎರಕ ಎಲ್ಲಾ ವಾಪಸ್ ಸೌಟಿಗೇ ಹೋಗತಾವ, 600 ಗ್ರಾಂ ತಂದ್ರ ಸಾಕು. ಕಬ್ಬಿಣದ ಸೌಟು ಬಳಸ್ರಿ, ಅದನ್ನ ಮತ್ತ ಅಡಿಗಿಗೆ ತರಬ್ಯಾಡ್ರಿ. ಮ್ಯಾಲಿನ ಕಿಟ್ಟ ಬಾಜೂಕ ಸರಿಸಿ, ಒಣಾ ಕಟಗಿ ಕಡ್ಡಿ ಅದ್ದಿ ನೋಡ್ರಿ. ಸಾವಕಾಶ ಕಂದು ಬಣ್ಣಕ್ಕ ತಿರಗಿದ್ರ ಹದ ಬಂದೈತಿ, ಅದ್ದಿದ ಕೂಡ್ಲೇ ಕರ್ರಗಾಗಿ ಹೊಗಿ ಬಂದ್ರ ಕಾವು ಹೆಚ್ಚಾಗೈತಿ. ಥರ್ಮಾಮೀಟರ್ ಇದ್ರ 280ರಿಂದ 300.

ಅರ್ಧಕ್ಕ ನಿಲ್ಲೂದು ಲೋಹದ ತಪ್ಪಲ್ಲ. ಅಚ್ಚು ತಣ್ಣಗಿರತೈತಿ, ಒಳಗಿನ ಗಾಳಿಗೆ ಹೊರಗ ಹೋಗಾಕ ದಾರಿ ಇರೂದಿಲ್ಲ. ಮೊದಲಿನ ನಾಕೈದು ಎರಕ ಅಚ್ಚು ಕಾಯ್ಸಾಕ ಅಂತನ ತಿಳೀರಿ.

ಲಕ್ಕುಂಡಿ ಕಡೆಯವ

ಪ್ಲಾಸ್ಟರ್ ಒಳಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅಂಚೂ ನಿಲ್ಲುವುದಿಲ್ಲ. 60 ಬಿಲ್ಲೆಗೆ ಕಲ್ಲಿನ ಅಚ್ಚೇ ಬೇಕು. ಯುರೋಪಿನಲ್ಲಿ ನುಣುಪಾದ ಸುಣ್ಣಕಲ್ಲು, ಸ್ಲೇಟ್ ಬಳಸುತ್ತಿದ್ದರು. ನಮಗೆ ಬಳಪದ ಕಲ್ಲು ಇದೆ. ಲಕ್ಕುಂಡಿ ಗುಡಿಗಳ ಕಂಬದಲ್ಲಿ ಅಷ್ಟು ಸಣ್ಣ ಕುಸುರಿ ಬಂದದ್ದೇ ಆ ಜಾತಿಯ ಮೆದುಕಲ್ಲಿನಿಂದ. ದಯವಿಟ್ಟು ಗುಡಿಯ ಸುತ್ತ ಬಿದ್ದ ಚೂರಿಗೆ ಕೈ ಹಾಕಬೇಡಿ. ಮೂರ್ತಿ ಕೆತ್ತುವವರಲ್ಲಿ ಉಳಿಕೆ ತುಂಡು ಕೇಳಿ: 8 ಸೆಂ.ಮೀ. ಉದ್ದ, 6 ಅಗಲ, ಎರಡೂವರೆ ದಪ್ಪ, ಬಿರುಕಿಲ್ಲದ ಎರಡು ತುಂಡು.

ಕೆತ್ತುವ ಮೊದಲು ಎರಡರ ಮುಖ ಒಂದಕ್ಕೊಂದು ಕೂಡಬೇಕು. ಗಾಜಿನ ಮೇಲೆ 220 ನಂಬರಿನ ಎಮರಿ ಕಾಗದ ಹಾಸಿ ತಿಕ್ಕಿ. ಒಂದು ಮುಖಕ್ಕೆ ದೀಪದ ಮಸಿ ಹಿಡಿಸಿ ಇನ್ನೊಂದನ್ನು ಒತ್ತಿ ನೋಡಿ. ಮಸಿ ಅಂಟದೆ ಉಳಿದ ಜಾಗದಲ್ಲಿ ಸಂದಿ ಇದೆ, ಎರೆದಾಗ ಅಲ್ಲೇ ಲೋಹ ಸೋರಿ ರೆಕ್ಕೆ ಬರುತ್ತದೆ. ಇಡೀ ಮುಖ ಒಂದೇ ಸಮ ಕಪ್ಪಾಗುವವರೆಗೆ ತಿಕ್ಕುತ್ತಿರಿ. ಬೇಸರದ ಕೆಲಸ, ಆದರೆ ಅಚ್ಚಿನ ಜೀವ ಇರುವುದು ಇಲ್ಲೇ.

ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲು. ಹಿನ್ನೆಲೆ 1 ಮಿ.ಮೀ. ಆಳ, ಮುಖ-ಕೈ 2 ಮಿ.ಮೀ. ಆಗಾಗ ಜೇಡಿಮಣ್ಣು ಒತ್ತಿ ತೆಗೆದು ನೋಡಿ, ತಪ್ಪು ಆಗಲೇ ಕಾಣುತ್ತದೆ. ಲೋಹ ಎರೆಯುವ ಬಾಯಿ ಮೇಲೆ 8 ಮಿ.ಮೀ. ಅಗಲ, ಒಳಕ್ಕೆ ಬರುತ್ತಾ 3. ಬಾಯಿಂದ ದೂರವಿರುವ ಪ್ರತಿ ಮೂಲೆಯಿಂದ ಕಲ್ಲಿನ ಅಂಚಿಗೆ ಸೂಜಿಮೊನೆಯಲ್ಲಿ ಕೂದಲಿನಷ್ಟು ಗೀರು ಎಳೆಯಿರಿ. ಗಾಳಿ ಅಲ್ಲಿಂದ ಹೋಗುತ್ತದೆ, ಲೋಹ ಹೋಗುವುದಿಲ್ಲ.

ದೂಳು ಎದೆಗೆ ಹೋಗದಂತೆ ನೀರು ಚಿಮುಕಿಸಿ ಕೆತ್ತಿ, ಆಮೇಲೆ ಮೂರು ದಿನ ಬಿಸಿಲು, 120 ಡಿಗ್ರಿ ಒಲೆಯಲ್ಲಿ ಎರಡು ತಾಸು. ಕಲ್ಲಿನಲ್ಲಿ ಪಸೆ ಉಳಿದರೆ ಅದು ಹಬೆಯಾಗಿ ಕಾದ ಲೋಹವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಕನ್ನಡಕ, ಚರ್ಮದ ಕೈಗವಸು ಇಲ್ಲದೆ ವಿದ್ಯಾರ್ಥಿಗಳನ್ನು ಹತ್ತಿರ ಬಿಡಬೇಡಿ. ಎರೆಯುವಾಗ ಕಲ್ಲು ಕೈ ಇಡಲಾಗದಷ್ಟು ಬಿಸಿಯಿರಲಿ, ಕೆತ್ತಿದ ಮುಖಕ್ಕೆ ತೆಳುವಾಗಿ ಮಸಿ.

ಹಳೆ ಮುದ್ರೆ

ಸೂಜಿಗೆ ಎರಡು ಕಲ್ಲು ಸಾಲದು. ಬೆನ್ನಿನ ಕಲ್ಲನ್ನು ಎರಡು ಹೋಳು ಮಾಡಿ, ಸೂಜಿಯ ಕುಳಿಯನ್ನು ಆ ಹೋಳುಗಳ ನಡುವೆ ತರಬೇಕು. ಮೂರು ತುಂಡಿನ ಅಚ್ಚು ಮೊದಲ ಸಲಕ್ಕೆ ಕೈಗೆ ಬಗ್ಗುವುದಿಲ್ಲ. ಮಾದರಿಯನ್ನೇ ಬದಲಿಸಿ: ಫ್ರಾನ್ಸಿನ ರೊಕಮಡೋರ್ ಬಿಲ್ಲೆ. ಎರಡೂ ತುದಿ ಚೂಪಾದ ಅಂಡಾಕಾರ, ನಡುವೆ ಮಗುವನ್ನು ಹಿಡಿದು ಕುಳಿತ ಮರಿಯ, ಅಂಚಿಗೆ ಬಟ್ಟೆಗೆ ಹೊಲಿಯುವ ಕಿವಿಗಳು. ಸೂಜಿಯೇ ಇಲ್ಲ. ಸುತ್ತಲಿನ ಲ್ಯಾಟಿನ್ ಬರಹ ‘ಸಿಗಿಲ್ಲುಂ’ ಎಂದು ಶುರುವಾಗುತ್ತದೆ, ಅಂದರೆ ಮುದ್ರೆ. ಆಕಾರವೂ ಇಗರ್ಜಿಯ ಅರಗಿನ ಮುದ್ರೆಯದೇ.

ಬರಹ ಒಂದಕ್ಷರವೂ ತಪ್ಪದಿರಲಿ. 1857ರಿಂದ ಲಂಡನ್ನಿನಲ್ಲಿ ಥೇಮ್ಸ್ ಕೆಸರು ಜಾಲಾಡುತ್ತಿದ್ದ ಬಿಲ್ಲಿ, ಚಾರ್ಲಿ ಎಂಬಿಬ್ಬರು ಇಂಥ ನಕಲಿ ಬಿಲ್ಲೆ ಎರೆದು ಪುರಾತನವೆಂದು ಮಾರಿದರು. ಇಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ, ಬಿಲ್ಲೆಯ ಮೇಲಿನ ಅಕ್ಷರಗಳಿಗೆ ಅರ್ಥವೇ ಇರಲಿಲ್ಲ. ನಿಮ್ಮ ಬಿಲ್ಲೆ ಮುಂದೆ ಯಾರ ಕೈಯಲ್ಲೂ ‘ಅಸಲಿ’ ಆಗಬಾರದು. ಬೆನ್ನಿನ ಕಲ್ಲಿನಲ್ಲಿ ಇಸವಿಯನ್ನು ಕನ್ನಡಿಯಂತೆ ಕೆತ್ತಿಬಿಡಿ, ಪ್ರತಿ ಎರಕದಲ್ಲೂ ತಾನೇ ಮೂಡುತ್ತದೆ.

ಫಲಕದಲ್ಲಿ ಇದನ್ನೂ ಬರೆಯಿರಿ: ಇವು ಬರೇ ನೆನಪಿನ ಕಾಣಿಕೆಗಳಲ್ಲ. ಸಂತನ ಸಮಾಧಿಗೆ ಮುಟ್ಟಿಸಿ ತಂದ ಬಿಲ್ಲೆಗೆ ಆ ಜಾಗದ ಶಕ್ತಿ ಬರುತ್ತದೆಂದು ನಂಬುತ್ತಿದ್ದರು. ಸವದತ್ತಿ ಗುಡ್ಡದಿಂದ ಭಂಡಾರ ತರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜರ್ಮನಿಯ ಆಖೆನ್‌ನಲ್ಲಿ ಏಳು ವರ್ಷಕ್ಕೊಮ್ಮೆ ಪವಿತ್ರ ವಸ್ತ್ರಗಳ ದರ್ಶನ. ಜನ ತುಂಬಿ ಮುಟ್ಟಲಾಗದೆ ಹೋದಾಗ ಪುಟ್ಟ ಕನ್ನಡಿಯ ಬಿಲ್ಲೆ ಎತ್ತಿ ಹಿಡಿದು ಆ ವಸ್ತ್ರಗಳ ಪ್ರಭೆಯನ್ನೇ ಹಿಡಿದು ತರುತ್ತಿದ್ದರು. 1439ರ ಯಾತ್ರೆಗೆಂದು ಆ ಕನ್ನಡಿ ಮಾಡಿಸಲು ಸ್ಟ್ರಾಸ್‌ಬರ್ಗಿನಲ್ಲಿ ಪಾಲುದಾರಿಕೆ ಕಟ್ಟಿದವನು ಗುಟೆನ್‌ಬರ್ಗ್. ಪ್ಲೇಗಿನಿಂದ ಯಾತ್ರೆ 1440ಕ್ಕೆ ಹೋಯಿತು. ಅಚ್ಚುಮೊಳೆಯ ಮನುಷ್ಯ ಮೊದಲು ಯಾತ್ರೆ ಬಿಲ್ಲೆಯ ವ್ಯಾಪಾರದಲ್ಲಿದ್ದ. ಆ ಗದಗದ ಮೊಳೆಗಳನ್ನು ಕರಗಿಸಬೇಡಿ ಸರ್, ಗಾಜಿನೊಳಗೆ ಬಿಲ್ಲೆಯ ಪಕ್ಕದಲ್ಲೇ ಇಡಿ.

ಸಪ್ತಾಪುರ ವಾಚಕ

ಮೊಳೆ ಎತ್ತಿಟ್ಟೆ. ರೊಕಮಡೋರ್ ಮಾದರಿಯನ್ನೇ ಮಾಡುತ್ತೇವೆ. ಆ ಕಿವಿಗಳ ತೂತು ಎರಕದಲ್ಲೇ ಬರಬೇಕೆಂದರೆ ಕಲ್ಲಿನಲ್ಲಿ ಸಣ್ಣ ಗೂಟ ಉಳಿಸಿ ಕೆತ್ತಬೇಕಾ?

ಲಕ್ಕುಂಡಿ ಕಡೆಯವ

ಉಳಿಸಬಹುದು, ಆದರೆ ಬಳಪದ ಕಲ್ಲಿನಲ್ಲಿ ಅಷ್ಟು ಸಣ್ಣ ಗೂಟ ಬಿಲ್ಲೆ ಬಿಡಿಸುವಾಗ ಮುರಿದು ಹೋಗುತ್ತದೆ. ಕಿವಿಯನ್ನು ತುಂಬಿದ ಗುಂಡಾಗಿಯೇ ಎರೆದು, ಕೈ ಡ್ರಿಲ್ಲಿನಿಂದ ಒಂದೂವರೆ ಮಿ.ಮೀ. ತೂತು ಹಾಕಿ. ಪ್ರತಿ ಕಿವಿಗೂ ಅದರದೇ ಗಾಳಿಗೀರು ಬೇಕು, ಇಲ್ಲದಿದ್ದರೆ ಕೆಳಗಿನವು ಮೊಂಡಾಗಿ ಬರುತ್ತವೆ. ಅಂಚಿನ ರೆಕ್ಕೆಯನ್ನು ಕತ್ತರಿಯಿಂದ ತೆಗೆಯಿರಿ. ಅರ ಹಾಕಲೇಬೇಕಾದರೆ ಮೊದಲು ಅದಕ್ಕೆ ಸೀಮೆಸುಣ್ಣ ತಿಕ್ಕಿಕೊಳ್ಳಿ, ಇಲ್ಲದಿದ್ದರೆ ತವರ ಅದರ ಹಲ್ಲಿಗೆ ಮೆತ್ತಿಕೊಳ್ಳುತ್ತದೆ.