ಕಾಮ್ಸ್‌ನೆಟ್ಸ್ ಅನ್ನೋ ನೆಟ್‌ವರ್ಕ್ ಸಮ್ಮೇಳನಕ್ಕೆ ಪೋಸ್ಟರ್ ಕಳಿಸಲೋ, ಪೂರ್ಣ ಪ್ರಬಂಧ ಆಗೋವರೆಗೂ ಕಾಯಲೋ?

ದಾವಣಗೆರೆಯ ಎಂ.ಟೆಕ್ ವಿದ್ಯಾರ್ಥಿನಿ:
ನಮ್ಮೂರಿನ 4ಜಿ ಸಂಪರ್ಕದಲ್ಲಿ ಟಿಸಿಪಿಯ (ಇಂಟರ್ನೆಟ್‌ನಲ್ಲಿ ಡೇಟಾ ಸರಿಯಾಗಿ ತಲುಪಿಸೋ ನಿಯಮಾವಳಿ) ದಟ್ಟಣೆ ನೋಡಿ ವೇಗ ಹೊಂದಿಸೋ ವಿಧಾನಗಳಾದ ಕ್ಯೂಬಿಕ್, ಬಿಬಿಆರ್ ಎರಡೂ ಹೇಗೆ ನಡೆದುಕೊಳ್ಳುತ್ತವೆ ಅಂತ ಅಳೆದಿದ್ದೇನೆ. ಇರೋದು ಒಂದೇ ಟವರ್‌ನ ಡೇಟಾ. ಜನವರಿಯಲ್ಲಿ ಬೆಂಗಳೂರಲ್ಲಿ ನಡೆಯೋ ಸಮ್ಮೇಳನಕ್ಕೆ ಇಷ್ಟು ಸಾಕಾ?

ನೆಟ್‌ವರ್ಕ್ ಸಂಶೋಧಕ, ಬೆಂಗಳೂರು:
ಖಂಡಿತ ಪೋಸ್ಟರ್ ಕಳಿಸಿ. 2009ರಿಂದ ನಡೀತಿರೋ ಸಮ್ಮೇಳನ ಅದು. ಪೋಸ್ಟರ್ ಪಕ್ಕ ನಿಂತಾಗ ಎದುರಾಗೋ ಪ್ರಶ್ನೆಗಳು ವಿಮರ್ಶಕರ ಟಿಪ್ಪಣಿಗಿಂತ ಹೆಚ್ಚು ಕಲಿಸುತ್ತವೆ. ಒಂದೇ ಜಾಗದ ಅಳತೆ ಅಂತ ಅಳುಕಬೇಡಿ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜ ದೂರಕ್ಕೆ, ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಯಾಕೆ ಅಂತ ಆ ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ ಬೆನ್ನುಹತ್ತಿದರು. ಅದರ ಪ್ರಬಂಧ 1988ರ ಸಿಗ್‌ಕಾಮ್ ನೆಟ್‌ವರ್ಕ್ ಸಮ್ಮೇಳನದಲ್ಲಿ ಬಂತು. ಟಿಸಿಪಿಯ ದಟ್ಟಣೆ ನಿಯಂತ್ರಣಕ್ಕೆ ಬುನಾದಿ ಅದೇ.

ಟೆಲಿಕಾಂ ಎಂಜಿನಿಯರ್, ಹುಬ್ಬಳ್ಳಿ:
ಥ್ರೂಪುಟ್ (ನಿಜವಾಗಿ ಸಿಕ್ಕ ಡೇಟಾ ವೇಗ) ಒಂದನ್ನೇ ತೋರಿಸಬೇಡಿ ಮೇಡಂ. ಕ್ಯೂಬಿಕ್ ಸಾಮಾನ್ಯವಾಗಿ ಪ್ಯಾಕೆಟ್ (ಡೇಟಾದ ತುಣುಕು) ಕಳೆದುಹೋದ ಮೇಲೇ ವೇಗ ತಗ್ಗಿಸೋದು. ಅಷ್ಟರಲ್ಲಿ ಟವರ್ ಬಫರ್ (ಪ್ಯಾಕೆಟ್‌ಗಳು ಸರದಿ ಕಾಯೋ ಜಾಗ) ತುಂಬಿ ವಿಳಂಬ ಏರಿರುತ್ತೆ. ಆರ್‌ಟಿಟಿ (ಪ್ಯಾಕೆಟ್ ಹೋಗಿ ಉತ್ತರ ವಾಪಸ್ ಬರೋಕೆ ಹಿಡಿಯೋ ಸಮಯ) ಗ್ರಾಫ್ ಹಾಕಿ. ಸಂಜೆ ಹೊತ್ತಿನ ಅಳತೆ ಇದೆಯಾ?

ದಾವಣಗೆರೆಯ ಎಂ.ಟೆಕ್ ವಿದ್ಯಾರ್ಥಿನಿ:
ಇದೆ ಸರ್, ಏಳರಿಂದ ಹತ್ತು ಗಂಟೆವರೆಗಿನದು. ಆರ್‌ಟಿಟಿ ಲಾಗ್ ಕೂಡ ಇಟ್ಟಿದ್ದೇನೆ. ಗ್ರಾಫ್ ಮಾಡಿ ಇಲ್ಲೇ ಹಾಕ್ತೀನಿ, ದಯವಿಟ್ಟು ಇಬ್ಬರೂ ನೋಡಿ.